ತಾಯಿಯ ರಿಪೋರ್ಟ್ ನಾರ್ಮಲ್ ಅಂತ ಬಂದಿತ್ತು: ಒಂದು ಥಲಸ್ಸೇಮಿಯಾ ಪ್ರಕರಣ

ಥಲಸ್ಸೇಮಿಯಾ ಅಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ. ಅದು ಕಾಣಿಸಿಕೊಂಡ ಒಂದು ಕುಟುಂಬದ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಜಾತಿ, ಕಸುಬು ಯಾವುದೂ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಸಂಬಂಧಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅವನ್ನು ಬದಲಿಸಿದರೆ ಪ್ರಕರಣವೇ ಉಳಿಯುವುದಿಲ್ಲ.

ನಾನು ಕೆಲಸ ಮಾಡುವುದು ಜೆನೆಟಿಕ್ ಕೌನ್ಸೆಲಿಂಗ್ ವಿಭಾಗದಲ್ಲಿ. ಮನೆಯಲ್ಲಿ ಒಂದು ಆನುವಂಶಿಕ ಕಾಯಿಲೆ ಇದೆ ಅಂತ ಗೊತ್ತಾದಾಗ ಆ ಮನೆಯವರ ಜೊತೆ ಕೂತು, ಅದು ಹೇಗೆ ಬಂತು, ಮುಂದಿನ ಮಗುವಿಗೆ ಬರುತ್ತದಾ, ಯಾವ ಪರೀಕ್ಷೆ ಮಾಡಿಸಬಹುದು ಅಂತ ಮಾತಾಡುವುದು ನಮ್ಮ ಕೆಲಸ. ಪಿಯುಸಿ ಪುಸ್ತಕದಲ್ಲಿ ಓದುವ ಮೆಂಡೆಲ್, ಡಿಎನ್ಎ, ವಿಕಾಸ ಎಲ್ಲವೂ ಒಂದೇ ಮನೆಯ ಜಗಲಿಗೆ ಬಂದು ಕೂತ ಪ್ರಕರಣ ಇದು.

ಮನೆ ಮತ್ತು ಮಗು

ಉತ್ತರ ಕರ್ನಾಟಕದ ಒಂದು ತಾಲೂಕಿನ ದಂಪತಿ. ಹೆಂಡತಿ ಗಂಡನ ಸ್ವಂತ ಅಕ್ಕನ ಮಗಳು. ಅಂದರೆ ಅವಳಿಗೆ ಅತ್ತೆಯೂ ಅಜ್ಜಿಯೂ ಒಬ್ಬರೇ. ನಮ್ಮ ಕಡೆ ಇದೇನೂ ಅಪರೂಪ ಅಲ್ಲ. ಮನೆಯ ಹುಡುಗಿ ಮನೆಯಲ್ಲೇ ಇರಲಿ, ಹೊಲ ಒಡೆಯದಿರಲಿ ಅಂತ ಮಾಡುವ ಮದುವೆ.

ಮೊದಲ ಮಗು ಗಂಡು. ಐದಾರು ತಿಂಗಳವರೆಗೆ ಚೆನ್ನಾಗಿತ್ತು. ಆಮೇಲೆ ಬಿಳುಚಿಕೊಳ್ಳತೊಡಗಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಸುಸ್ತಾಗಿ ಬಿಡುತ್ತಿತ್ತು. ಎಡಗಡೆ ಹೊಟ್ಟೆ ಉಬ್ಬಿತು. ಅಜ್ಜಿ ಕೈಯಿಟ್ಟು ನೋಡಿ, ಜ್ವರಗಡ್ಡೆ ಅಂದರು. ಗುಲ್ಮ ದಪ್ಪಗಾಗಿದೆ ಅನ್ನುವುದನ್ನು ಅವರ ಕೈ ಸರಿಯಾಗಿಯೇ ಗುರುತಿಸಿತ್ತು. ಕಾರಣ ಮಾತ್ರ ಜ್ವರ ಅಲ್ಲ.

ಹುಟ್ಟಿದಾಗ ಚೆನ್ನಾಗಿದ್ದ ಮಗು ಆರು ತಿಂಗಳಿಗೆ ಯಾಕೆ ಕುಸಿಯಿತು? ಹೊಟ್ಟೆಯಲ್ಲಿದ್ದಾಗ ಮಗುವಿನ ರಕ್ತದಲ್ಲಿ ಇರುವುದು ಬೇರೆ ಹಿಮೋಗ್ಲೋಬಿನ್. ಅದರಲ್ಲಿ ಆಲ್ಫಾ ಅನ್ನುವ ಪ್ರೋಟೀನ್ ಸರಪಳಿಯ ಜೊತೆ ಗಾಮಾ ಸರಪಳಿ ಇರುತ್ತದೆ. ಹುಟ್ಟಿದ ಮೇಲೆ ನಿಧಾನಕ್ಕೆ ಗಾಮಾ ತಯಾರಿ ನಿಂತು ಬೀಟಾ ತಯಾರಿ ಶುರುವಾಗಬೇಕು. ಬೀಟಾ ಜೀನ್ ಎರಡೂ ಪ್ರತಿ ಕೆಟ್ಟಿದ್ದರೆ ತೊಂದರೆ ಕಾಣುವುದು ಈ ಬದಲಾವಣೆ ಆಗುವ ಹೊತ್ತಿಗೇ. ಅಲ್ಲಿಯವರೆಗೆ ಗಾಮಾ ಮಗುವನ್ನು ಕಾಪಾಡಿರುತ್ತದೆ.

ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋದಾಗ ಹಿಮೋಗ್ಲೋಬಿನ್ 4ರ ಆಸುಪಾಸು. ರಾತ್ರಿಯೇ ರಕ್ತ ಹಾಕಿದರು. ಅದು ಸರಿ, ಇಲ್ಲದಿದ್ದರೆ ಮಗು ಉಳಿಯುತ್ತಿರಲಿಲ್ಲ. ಆದರೆ ರಕ್ತ ಹಾಕುವ ಮೊದಲು ಎರಡು ಎಂಎಲ್ ರಕ್ತ ತೆಗೆದು ಇಡಲಿಲ್ಲ. ಮುಂದಿನ ಗೊಂದಲ ಅರ್ಧದಷ್ಟು ಶುರುವಾಗಿದ್ದು ಇಲ್ಲಿಂದ.

ಹೆಸರಿಲ್ಲದೆ ಒಂದು ವರ್ಷ

ಕೆಲವು ವಾರಗಳ ನಂತರ ಮಗುವಿಗೆ ಎಚ್‌ಪಿಎಲ್‌ಸಿ ಪರೀಕ್ಷೆ ಆಯಿತು. ರಕ್ತದಲ್ಲಿ ಯಾವ ಯಾವ ಹಿಮೋಗ್ಲೋಬಿನ್ ಎಷ್ಟೆಷ್ಟಿದೆ ಅಂತ ಬೇರ್ಪಡಿಸಿ ಹೇಳುವ ಪರೀಕ್ಷೆ. ಅಷ್ಟರಲ್ಲಿ ಮಗುವಿನ ಮೈಯಲ್ಲಿ ಹರಿಯುತ್ತಿದ್ದುದರಲ್ಲಿ ಬಹುಪಾಲು ದಾನಿಯ ರಕ್ತ. ಹಾಗಾಗಿ ರಿಪೋರ್ಟ್ ಅರ್ಧ ದಾನಿಯದು, ಅರ್ಧ ಮಗುವಿನದು. ಕೆಳಗೆ ಸಣ್ಣ ಅಕ್ಷರದಲ್ಲಿ ಲ್ಯಾಬ್‌ನವರು ಬರೆದಿದ್ದರು: ರಕ್ತ ಹಾಕಿದ ನಂತರದ ಸ್ಯಾಂಪಲ್, ತಂದೆ ತಾಯಿಯನ್ನು ಪರೀಕ್ಷಿಸಿ.

ಪರೀಕ್ಷಿಸಿದರು. ಹಿಮೋಗ್ಲೋಬಿನ್ ಎ2 ಅನ್ನುವುದು ಎಲ್ಲರ ರಕ್ತದಲ್ಲೂ ಸ್ವಲ್ಪವೇ ಇರುವ ಒಂದು ಬಗೆ. ತಂದೆಯಲ್ಲಿ ಅದರ ಪ್ರಮಾಣ ಶೇ. 5.3. ಸಾಮಾನ್ಯವಾಗಿ 3.5 ದಾಟಿದರೆ ಬೀಟಾ ಥಲಸ್ಸೇಮಿಯಾ ವಾಹಕ, ಅಂದರೆ ಜೀನಿನ ಒಂದು ಕೆಟ್ಟ ಪ್ರತಿ ಇದ್ದೂ ಆರೋಗ್ಯವಾಗಿರುವವರು, ಎಂದು ತಿಳಿಯುತ್ತೇವೆ. ತಂದೆ ವಾಹಕ, ಅನುಮಾನ ಇಲ್ಲ. ತಾಯಿಯದು ಶೇ. 3.3. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಅಚ್ಚಾಗಿ ಬಂತು.

ಅಲ್ಲಿಗೆ ವಾದ ಮುಗಿಯಿತು. ಥಲಸ್ಸೇಮಿಯಾ ಮೇಜರ್, ಅಂದರೆ ಕಾಯಿಲೆಯ ತೀವ್ರ ರೂಪ, ಬರಬೇಕಾದರೆ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬರಬೇಕು. ತಾಯಿ ನಾರ್ಮಲ್. ಹಾಗಾದರೆ ಮಗುವಿಗೆ ಮೇಜರ್ ಇರಲಾರದು. ತರ್ಕದಲ್ಲಿ ತಪ್ಪಿಲ್ಲ, ನೋಡಿ. ತಪ್ಪಿದ್ದುದು ಆ 3.3ರ ಮೇಲೆ ಇಟ್ಟ ನಂಬಿಕೆಯಲ್ಲಿ.

ಮುಂದೆ ಸುಮಾರು ಒಂದು ವರ್ಷ ಮಗು ಬಿಳುಚಿಕೊಂಡಾಗಲೆಲ್ಲ ಎಲ್ಲಿ ರಕ್ತ ಸಿಕ್ಕಿತೋ ಅಲ್ಲಿ ಹಾಕಿಸಿದರು. ಚೀಟಿಗಳಲ್ಲಿ ಬರೆದಿದ್ದು ಬರೀ ತೀವ್ರ ರಕ್ತಹೀನತೆ. ಕಾಯಿಲೆಗೆ ಹೆಸರಿಲ್ಲದಿದ್ದರೆ ಅದಕ್ಕೊಂದು ಕಾರಣವನ್ನು ಮನೆಯವರೇ ಹುಡುಕಿಕೊಳ್ಳುತ್ತಾರೆ. ಇಲ್ಲಿ ಸಿಕ್ಕ ಕಾರಣ ಸೊಸೆ. ಬಸಿರಿನಲ್ಲಿ ಐರನ್ ಮಾತ್ರೆ ಸರಿಯಾಗಿ ನುಂಗಲಿಲ್ಲ, ಅದಕ್ಕೇ ಮಗುವಿಗೆ ರಕ್ತ ಇಲ್ಲ. ಅವಳಿಗೂ ರಕ್ತ ಕಡಿಮೆ ಇದ್ದದ್ದು ನಿಜ. ಆದ್ದರಿಂದ ಆ ಮಾತಿಗೆ ಎದುರು ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ.

ಇದರ ನಡುವೆ ಅವಳು ಮತ್ತೆ ಬಸುರಿಯಾದಳು. ಮೊದಲನೆಯದು ಆನುವಂಶಿಕ ಅಲ್ಲ ಅಂತ ಹೇಳಿಸಿಕೊಂಡಿದ್ದರಲ್ಲ, ಯಾರೂ ಹೆದರಲಿಲ್ಲ.

ಎರಡು ಸಾಲಿನ ಚೀಟಿ

ಅವಳನ್ನು ನಮ್ಮಲ್ಲಿಗೆ ಕಳಿಸಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ಯುವ ವೈದ್ಯೆ. ಜೊತೆಗೆ ಬಂದಿದ್ದು ಆಶಾ ಕಾರ್ಯಕರ್ತೆ. ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ತಾಯಿಯ ಎಂಸಿವಿ 58, ಕೆಂಪುಕಣಗಳ ಎಣಿಕೆ 51 ಲಕ್ಷ. ಎಂಟು ವಾರದ ಗರ್ಭಿಣಿ, ಮೊದಲ ಮಗುವಿಗೆ ಪದೇ ಪದೇ ರಕ್ತ.

ಈ ಪ್ರಕರಣದ ನಿಜವಾದ ತಿರುವು ಇದೇ ಅನ್ನುವುದು ನನ್ನ ಅಭಿಪ್ರಾಯ. ದುಬಾರಿ ಯಂತ್ರ ಏನೂ ಬೇಕಾಗಲಿಲ್ಲ. ಎಲ್ಲ ತಾಲೂಕುಗಳಲ್ಲೂ ಆಗುವ ಸಾದಾ ರಕ್ತ ಪರೀಕ್ಷೆಯ ಹಾಳೆಯಲ್ಲಿ ಒಬ್ಬರು ಹಿಮೋಗ್ಲೋಬಿನ್ ಸಾಲಿನ ಕೆಳಗಿನ ಸಾಲುಗಳನ್ನೂ ಓದಿದರು, ಅಷ್ಟೇ.

ಎಂಸಿವಿ ಅಂದರೆ ಒಂದೊಂದು ಕೆಂಪುಕಣದ ಗಾತ್ರ. 80ಕ್ಕಿಂತ ಕಡಿಮೆ ಇದ್ದರೆ ಕಣ ಚಿಕ್ಕದು. ಕಬ್ಬಿಣದ ಕೊರತೆಯಲ್ಲೂ ಕಣ ಚಿಕ್ಕದಾಗುತ್ತದೆ, ಥಲಸ್ಸೇಮಿಯಾ ವಾಹಕರಲ್ಲೂ ಚಿಕ್ಕದಾಗುತ್ತದೆ. ವ್ಯತ್ಯಾಸ ಎಣಿಕೆಯಲ್ಲಿದೆ. ಕಬ್ಬಿಣ ಇಲ್ಲದಾಗ ಕಣಗಳ ಸಂಖ್ಯೆಯೂ ಇಳಿಯುತ್ತದೆ. ವಾಹಕರಲ್ಲಿ ದೇಹ ಚಿಕ್ಕ ಚಿಕ್ಕ ಕಣಗಳನ್ನೇ ಜಾಸ್ತಿ ಜಾಸ್ತಿ ಮಾಡುತ್ತದೆ. ಹಿಮೋಗ್ಲೋಬಿನ್ 8.8 ಇರುವ ಹೆಂಗಸಿಗೆ 51 ಲಕ್ಷ ಕಣ ಅಂದರೆ ಅನುಮಾನ ಪಡಲೇಬೇಕು. ಎಂಸಿವಿಯನ್ನು ಕಣಗಳ ಎಣಿಕೆಯಿಂದ, ಅದನ್ನು ದಶಲಕ್ಷದಲ್ಲಿ ಇಟ್ಟುಕೊಂಡು, ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಕಡೆ ವಾಲುತ್ತದೆ. 58ನ್ನು 5.1ರಿಂದ ಭಾಗಿಸಿದರೆ 11.4.

ಹಾಗಾದರೆ ಎ2 ಯಾಕೆ 3.3 ಬಂತು? ಅವಳ ಫೆರಿಟಿನ್ ಬರೀ 6 ಇತ್ತು. ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ. ಕಬ್ಬಿಣದ ತೀವ್ರ ಕೊರತೆ ಇದ್ದಾಗ ಎ2 ಕೆಳಗಿಳಿಯುತ್ತದೆ. ವಾಹಕಳಾಗಿದ್ದರೂ ಗೆರೆಯ ಈಚೆಗೆ ಬಂದು ನಿಲ್ಲಬಹುದು. ಇವಳಿಗೆ ಎರಡೂ ಇತ್ತು. ಕಬ್ಬಿಣವೂ ಕಡಿಮೆ, ಜೀನ್ ಕೂಡ ಒಂದು ಕೆಟ್ಟದ್ದು. ಒಂದು ಇನ್ನೊಂದನ್ನು ಮುಚ್ಚಿತ್ತು.

ಕಾಯುವುದಾ, ಡಿಎನ್ಎ ನೋಡುವುದಾ

ಸಾಮಾನ್ಯ ದಾರಿ ಅಂದರೆ ಮೊದಲು ಎರಡು ಮೂರು ತಿಂಗಳು ಕಬ್ಬಿಣ ಕೊಟ್ಟು ಆಮೇಲೆ ಎ2 ಮತ್ತೆ ನೋಡುವುದು. ಖರ್ಚು ಕಡಿಮೆ. ಆದರೆ ಗರ್ಭಕ್ಕೆ ಆಗಲೇ ಎಂಟು ವಾರ. ಗರ್ಭದ ಮಗುವಿನ ಪರೀಕ್ಷೆಗೆ ಒಳ್ಳೆಯ ಸಮಯ 11ರಿಂದ 13 ವಾರ. ಕಬ್ಬಿಣ ಕೊಟ್ಟು ಕಾದರೆ ಅದು ದಾಟಿ ಹೋಗುತ್ತದೆ. ಕಬ್ಬಿಣ ಹೇಗಿದ್ದರೂ ಶುರು ಮಾಡಬೇಕಿತ್ತು, ಮಾಡಿದೆವು. ಉತ್ತರಕ್ಕೆ ಮಾತ್ರ ಕಾಯಲಿಲ್ಲ. ನೇರ ಡಿಎನ್ಎ ಪರೀಕ್ಷೆ ಅಂತ ತೀರ್ಮಾನ ಆಯಿತು.

ತಂದೆ, ತಾಯಿಯ ರಕ್ತ ತೆಗೆದುಕೊಂಡೆವು. ಮಗುವಿನದು ಕೆನ್ನೆಯ ಒಳಗಿನ ಸ್ವಾಬ್. ರಕ್ತದಲ್ಲಿ ದಾನಿಯ ಬಿಳಿಕಣ ಸೇರಿರಬಹುದು ಅನ್ನುವ ಅಳುಕು. ಹಿಮೋಗ್ಲೋಬಿನ್ ಯಾರದ್ದು ಅನ್ನುವ ಗೊಂದಲ ಒಮ್ಮೆ ಆಗಿತ್ತಲ್ಲ, ಡಿಎನ್ಎ ಯಾರದ್ದು ಅನ್ನುವ ಗೊಂದಲ ಬೇಡ ಅಂತ.

ಬೀಟಾ ಗ್ಲೋಬಿನ್ ಜೀನ್ ಇರುವುದು 11ನೇ ಕ್ರೋಮೋಸೋಮಿನಲ್ಲಿ. ಚಿಕ್ಕ ಜೀನ್, ಸುಮಾರು 1,600 ಅಕ್ಷರ. ಡಿಎನ್ಎಯ ಒಂದು ತುಂಡನ್ನು ಲಕ್ಷಾಂತರ ನಕಲು ಮಾಡುವ ಪಿಸಿಆರ್ ಬಗ್ಗೆ ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ದೀರಿ. 1985ರಲ್ಲಿ ಪಿಸಿಆರ್ ವಿಧಾನ ಮೊದಲ ಸಲ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದಾಗ ಅದನ್ನು ತೋರಿಸಿದ್ದು ಇದೇ ಬೀಟಾ ಗ್ಲೋಬಿನ್ ಜೀನಿನ ಮೇಲೆ, ಸಿಕಲ್ ಸೆಲ್ ಅನ್ನುವ ಇನ್ನೊಂದು ಆನುವಂಶಿಕ ರಕ್ತದ ಕಾಯಿಲೆಯ ಪತ್ತೆಗಾಗಿ. ಈ ಜೀನಿನಲ್ಲಿ ಕಾಯಿಲೆ ತರುವ ಬದಲಾವಣೆಗಳು ಜಗತ್ತಿನಲ್ಲಿ ನೂರಾರಿವೆ. ಆದರೆ ಭಾರತದಲ್ಲಿ ಬಹುಪಾಲು ರೋಗಿಗಳಲ್ಲಿ ಸಿಗುವುದು ಐದೇ ಐದು. ಅದಕ್ಕೇ ಮೊದಲು ಆ ಐದನ್ನು ಹುಡುಕುತ್ತೇವೆ. ಪ್ರತಿ ಬದಲಾವಣೆಗೂ ಹೊಂದುವ ಪ್ರೈಮರ್, ಅಂದರೆ ನಕಲು ಶುರು ಮಾಡಿಸುವ ಪುಟ್ಟ ಡಿಎನ್ಎ ಎಳೆ, ಹಾಕುತ್ತೇವೆ. ಬದಲಾವಣೆ ಇದ್ದರೆ ಮಾತ್ರ ಆ ತುಂಡು ನಕಲಾಗಿ ಜೆಲ್ ಮೇಲೆ ಗೆರೆಯಾಗಿ ಕಾಣುತ್ತದೆ.

ಒಂದು ವಾರದ ಒಳಗೆ ಉತ್ತರ ಬಂತು. ತಂದೆ, ತಾಯಿ ಇಬ್ಬರಲ್ಲೂ ಐವಿಎಸ್ 1-5 ಅನ್ನುವ ಬದಲಾವಣೆಯ ಒಂದೊಂದು ಪ್ರತಿ. ಮಗುವಿನಲ್ಲಿ ಎರಡು ಪ್ರತಿ. ಭಾರತದಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಜೀನಿನ ಮೊದಲ ಇಂಟ್ರಾನಿನ ಐದನೇ ಅಕ್ಷರ ಜಿ ಇರಬೇಕಾದಲ್ಲಿ ಸಿ ಆಗಿದೆ. ಇಂಟ್ರಾನ್ ಅಂದರೆ ಪ್ರೋಟೀನ್ ಮಾಡುವ ಮೊದಲು ಕತ್ತರಿಸಿ ಎಸೆಯುವ ಭಾಗ. ಎಸೆಯುವ ಭಾಗದಲ್ಲಿ ಒಂದಕ್ಷರ ಬದಲಾದರೆ ಏನಾಯ್ತು ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಎಲ್ಲಿ ಕತ್ತರಿಸಬೇಕು ಅನ್ನುವ ಗುರುತು ಇರುವುದೇ ಅಲ್ಲಿ. ಗುರುತು ಕೆಟ್ಟರೆ ಕತ್ತರಿ ಅಡ್ಡಾದಿಡ್ಡಿ ಬೀಳುತ್ತದೆ. ಸರಿಯಾದ ಬೀಟಾ ಸರಪಳಿ ತೀರಾ ಸ್ವಲ್ಪವೇ ತಯಾರಾಗುತ್ತದೆ.

ಮಗುವಿನ ಕಾಯಿಲೆಗೆ ಹೆಸರು ಸಿಕ್ಕಿತು. ಮಾತ್ರೆ ನುಂಗಲಿಲ್ಲ ಅನ್ನುವ ದೂರಿಗೆ ಉತ್ತರವೂ ಸಿಕ್ಕಿತು. ಆದರೆ ದೂರು ಅಲ್ಲಿಗೇ ನಿಲ್ಲಲಿಲ್ಲ, ಬೇರೆ ದಾರಿ ಹಿಡಿಯಿತು. ಅದು ಆಮೇಲೆ.

ನಾಲ್ಕರಲ್ಲಿ ಒಂದು

ಗಂಡ ಪಿಯುಸಿ ಓದಿದವರು, ಲೆಕ್ಕದಲ್ಲಿ ಚುರುಕು. ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಅಪಾಯ ನಾಲ್ಕರಲ್ಲಿ ಒಂದು ಅಂದಾಗ ಅವರ ಮುಖ ಸ್ವಲ್ಪ ಅರಳಿತು. "ಒಂದು ಆಗಿ ಹೋತಲ್ರಿ. ಇನ್ನ ಮೂರು ಚಲೋ ಇರ್ತಾವು" ಅಂದರು.

ನನ್ನ ಅನುಭವದಲ್ಲಿ ಇದು ಅತ್ಯಂತ ಸಾಮಾನ್ಯವಾದ ತಪ್ಪು ತಿಳುವಳಿಕೆ. ಓದಿದವರಲ್ಲೂ ಇದೆ, ಓದದವರಲ್ಲೂ ಇದೆ. ಪಾಠದ ಪುಸ್ತಕದಲ್ಲಿ ನಾಲ್ಕು ಚೌಕ ಬರೆದು ಒಂದಕ್ಕೆ ಬಣ್ಣ ಹಾಕಿ ತೋರಿಸುತ್ತೇವಲ್ಲ, ಅದೂ ಸ್ವಲ್ಪ ಕಾರಣ ಇರಬಹುದು. ನೋಡಿದವರಿಗೆ ಆ ನಾಲ್ಕು ಚೌಕ ನಾಲ್ಕು ಮಕ್ಕಳ ಹಾಗೆ ಕಾಣುತ್ತದೆ. ಸಂಖ್ಯೆ ಗೊತ್ತೇ ಇಲ್ಲದವರು ಹೆದರಿ ಪರೀಕ್ಷೆಗೆ ಬರುತ್ತಾರೆ. ಸಂಖ್ಯೆಯನ್ನು ಹೀಗೆ ತಿಳಿದವರು ಧೈರ್ಯವಾಗಿ ಮನೆಗೆ ಹೋಗಿ ಬಿಡುತ್ತಾರೆ. ಎರಡನೆಯದೇ ಜಾಸ್ತಿ ಅಪಾಯ.

ಎರಡು ನಾಣ್ಯ ಕೊಟ್ಟೆ. ಮೊದಲು ಕವಡೆ ಇಟ್ಟುಕೊಂಡಿದ್ದೆವು, ಚೌಕಾಬಾರ ಎಲ್ಲರಿಗೂ ಗೊತ್ತು ಅಂತ. ಆದರೆ ಕವಡೆ ಎರಡೂ ಕಡೆ ಸಮ ಬೀಳುವುದಿಲ್ಲ, ಲೆಕ್ಕ ತಪ್ಪುತ್ತದೆ. ಒಂದು ನಾಣ್ಯ ಅಪ್ಪ, ಒಂದು ಅಮ್ಮ. ಸಿಂಹ ಬಿದ್ದರೆ ಕೆಟ್ಟ ಪ್ರತಿ ಮಗುವಿಗೆ ಹೋಯಿತು ಅಂತ ಇಟ್ಟುಕೊಳ್ಳಿ. ಎರಡೂ ಸಿಂಹ ಬಿದ್ದರೆ ಮೇಜರ್. ಒಂದೇ ಸಿಂಹ ಆದರೆ ವಾಹಕ. ಒಂದೂ ಸಿಂಹ ಬೀಳದಿದ್ದರೆ ಪೂರ್ತಿ ಆರಾಮ. ಹಾರಿಸಿ ಅಂದೆ. ಹಾರಿಸುತ್ತಾ ಹೋದರು. ಒಂದು ಹೊತ್ತಿನಲ್ಲಿ ಎರಡೂ ಸಿಂಹ ಬಿತ್ತು. ಮುಂದಿನ ಸಲವೂ ಎರಡೂ ಸಿಂಹವೇ. ನಾಣ್ಯಗಳನ್ನು ಮೇಜಿನ ಮೇಲೆ ಇಟ್ಟು ಸುಮ್ಮನಾದರು. ಹಿಂದಿನ ಸಲ ಏನು ಬಿತ್ತು ಅಂತ ನಾಣ್ಯಕ್ಕೆ ನೆನಪಿರುವುದಿಲ್ಲ ಅನ್ನುವುದನ್ನು ನಾನು ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಸೂಜಿ ಬೇಡ ಅಂದ ಅಜ್ಜಿ

ಗರ್ಭದ ಮಗುವಿನ ಪರೀಕ್ಷೆಗೆ ಮಾಸುವಿನ ಸಣ್ಣ ಚೂರು ತೆಗೆಯುತ್ತಾರೆ. ಸ್ಕ್ಯಾನ್ ನೋಡುತ್ತಾ ಹೊಟ್ಟೆಯ ಮೇಲಿಂದ ಸೂಜಿ ಹಾಕಿ. ಮಾಸು ಬೆಳೆದಿದ್ದು ಮಗು ಬೆಳೆದ ಅದೇ ಭ್ರೂಣದಿಂದ, ಆದ್ದರಿಂದ ಡಿಎನ್ಎ ಒಂದೇ. ಗರ್ಭ ಹೋಗುವ ಅಪಾಯ ಸ್ವಲ್ಪ ಇದೆ. ಪಳಗಿದ ಕೈಗಳಲ್ಲಿ ನೂರಕ್ಕೆ ಒಂದರ ಆಸುಪಾಸು, ಈಗ ಅದಕ್ಕಿಂತಲೂ ಕಡಿಮೆ ಅನ್ನುತ್ತಾರೆ. ಗರ್ಭದ ಲಿಂಗ ಪತ್ತೆಯನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಇಂಥ ಕಾಯಿಲೆಗಳ ಪತ್ತೆಗೆ ಅವಕಾಶ ಇದೆ. ಮಗು ಗಂಡೋ ಹೆಣ್ಣೋ ಅಂತ ಮಾತ್ರ ಹೇಳುವ ಹಾಗಿಲ್ಲ. ಒಪ್ಪಿಗೆ ಪತ್ರದಲ್ಲೇ ಅದು ಇರುತ್ತದೆ.

ಪರೀಕ್ಷೆಗೆ ಮೊದಲು ನಾವು ಒಂದು ಪ್ರಶ್ನೆ ಕೇಳುತ್ತೇವೆ. ಮೇಜರ್ ಅಂತ ಬಂದರೆ ಏನು ಮಾಡಬೇಕು ಅಂತಿದ್ದೀರಿ? ಮುಂದುವರಿಸುವುದೂ ಅವರ ಹಕ್ಕು, ಕಾನೂನಿನ ಮಿತಿಯಲ್ಲಿ ನಿಲ್ಲಿಸುವುದೂ ಅವರ ಹಕ್ಕು. ನಾವು ಯಾವುದನ್ನೂ ಹೇರುವುದಿಲ್ಲ. ಆದರೆ ಸೂಜಿ ಹಾಕಿಸಿಕೊಳ್ಳುವ ಮೊದಲೇ ಆ ಯೋಚನೆ ಮನಸ್ಸಿನಲ್ಲಿ ಹಾದು ಹೋಗಿರಬೇಕು.

ಗಂಡ, ನೋಡೋಣ ಅಂದರು. ಅಜ್ಜಿ ಖಡಾಖಂಡಿತ ಬೇಡ ಅಂದರು. ಬಸುರಿ ಹೊಟ್ಟೆಗೆ ಸೂಜಿ ಹಾಕುವುದಾ? ದೇವರು ಕೊಟ್ಟಿದ್ದು ಕೊಡಲಿ. ಸೊಸೆ ನೆಲ ನೋಡುತ್ತಾ ಕೂತಿದ್ದಳು. ಆಗ ಎಲ್ಲರನ್ನೂ ಹೊರಗೆ ಕಳಿಸಿ ಅವಳೊಬ್ಬಳ ಜೊತೆ ಮಾತಾಡಿದೆವು. ನಮ್ಮಲ್ಲಿ ಇದೊಂದು ನಿಯಮ. ಮನೆಮಂದಿಯ ಸಭೆಯಲ್ಲಿ ಬಸುರಿಯ ಮೌನವನ್ನು ಒಪ್ಪಿಗೆ ಅಂತಲೂ ತಗೊಳ್ಳುವುದಿಲ್ಲ, ನಿರಾಕರಣೆ ಅಂತಲೂ ತಗೊಳ್ಳುವುದಿಲ್ಲ.

"ಪ್ರತಿ ಸಲ ಸೂಜಿ ಚುಚ್ಚುವಾಗ ಇವನ ಕೈ ಹಿಡಕೊಂಡು ಕೂಡಾಕಿ ನಾನರಿ. ನಂಗ ಗೊತ್ತಾಗಬೇಕು" ಅಂದಳು. ಗೊತ್ತಾದ ಮೇಲೆ ಏನು ಮಾಡುತ್ತೇನೆ ಅಂತ ಹೇಳಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಒಪ್ಪಿಗೆ ಪತ್ರಕ್ಕೆ ಬೇಕಿದ್ದುದು ಅವಳ ಸಹಿ. ಅವಳು ಹಾಕಿದಳು. ಆದರೆ ಅದೇ ಮನೆಗೆ ಅವಳು ವಾಪಸ್ ಹೋಗಬೇಕಲ್ಲ. ಅಜ್ಜಿಯನ್ನು ಬಿಟ್ಟು ಮುಂದೆ ಹೋಗುವುದು ನಮಗೆ ಸರಿ ಕಾಣಲಿಲ್ಲ.

ಅಜ್ಜಿಯ ಹೊಸ ವಾದ ಹೀಗಿತ್ತು. ಸೊಸೆಯಲ್ಲಿ ಕೆಟ್ಟ ಜೀನ್ ಇದೆ ಅಂತ ಡಾಕ್ಟರ್ರೇ ಹೇಳಿದರು. ಹಾಗಾದರೆ ಅದು ಅವಳ ಅಪ್ಪನ ಕಡೆಯಿಂದ ಬಂದದ್ದು. "ನಮ್ಮ ರಕ್ತದಾಗ ಅಂಥಾದ್ದು ಏನೂ ಇಲ್ಲ." ಮಗನೂ ವಾಹಕ ಅನ್ನುವುದು ಅವರ ಕಿವಿಗೆ ಬಿದ್ದಂತೆ ಇರಲಿಲ್ಲ.

ವಂಶವೃಕ್ಷ ಬರೆದು ನೋಡಿದರೆ ವಿಷಯ ಬೇರೆಯೇ ಇತ್ತು. ಗಂಡ ವಾಹಕ ಅಂದರೆ ಅವನ ಅಪ್ಪ ಅಥವಾ ಅಮ್ಮ ವಾಹಕ. ಅದೇ ಪ್ರತಿ ಅವನ ಅಕ್ಕನಿಗೂ ಹೋಗಿರುವ ಸಾಧ್ಯತೆ ಎರಡರಲ್ಲಿ ಒಂದು. ಅಕ್ಕನಿಂದ ಅವಳ ಮಗಳಿಗೆ ಹೋಗುವುದು ಮತ್ತೆ ಎರಡರಲ್ಲಿ ಒಂದು. ಅಂದರೆ ಸೋದರಮಾವ ವಾಹಕನಾಗಿದ್ದರೆ ಮದುವೆಯಾದ ಅಕ್ಕನ ಮಗಳು ಅದೇ ಪ್ರತಿ ಹೊತ್ತಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನ ಹುಡುಗಿಯನ್ನು ಮದುವೆ ಆಗಿದ್ದರೆ? ಭಾರತದಲ್ಲಿ ವಾಹಕರು ಸರಾಸರಿ ಶೇ. 3ರಿಂದ 4, ಅಂದರೆ ಸುಮಾರು ಇಪ್ಪತ್ತೈದರಲ್ಲಿ ಒಬ್ಬರು. ಮಗುವಿಗೆ ಮೇಜರ್ ಬರುವ ಸಾಧ್ಯತೆ ಆಗ ಸುಮಾರು ನೂರರಲ್ಲಿ ಒಂದು. ಅಕ್ಕನ ಮಗಳಾದರೆ ಹದಿನಾರರಲ್ಲಿ ಒಂದು. ಸಂಬಂಧದ ಮದುವೆ ಕಾಯಿಲೆಯನ್ನು ಹುಟ್ಟಿಸುವುದಿಲ್ಲ. ಮೊದಲೇ ಇದ್ದ ಎರಡು ಪ್ರತಿಗಳು ಎದುರಾಗುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಈ ಚಿತ್ರವನ್ನು ಅಜ್ಜಿಯ ಮುಂದೆ ಇಟ್ಟು ನೀವೇ ನೋಡಿ ಅನ್ನಬಹುದಿತ್ತು. ನಮ್ಮ ತಂಡದಲ್ಲಿ ಒಬ್ಬರು ಹಾಗೇ ಮಾಡೋಣ ಅಂದರು. ನನಗೆ ಬೇಡ ಅನ್ನಿಸಿತು. ಸೊಸೆಯ ತಲೆಯಿಂದ ಇಳಿದ ತಪ್ಪು ಅತ್ತೆಯ ತಲೆಗೆ ಹೋಗಿ ಕೂರುತ್ತದೆ, ಅಷ್ಟೇ. ತಪ್ಪು ಅನ್ನುವುದೇ ಇಲ್ಲ ಅಂತ ಯಾರಿಗೂ ತಿಳಿಯುವುದಿಲ್ಲ.

ಬದಲಿಗೆ ಅವರದೇ ಜ್ವರಗಡ್ಡೆಯಿಂದ ಮಾತು ಶುರು ಮಾಡಿದೆ. ನೀವು ಆ ಗಡ್ಡೆಯನ್ನು ಮೊದಲು ಎಲ್ಲಿ ನೋಡಿದ್ದು ಅಂದೆ. ಅಜ್ಜಿಯ ತವರು ಮಲೆನಾಡಿನ ಸೆರಗಿನಲ್ಲಿ. ಅವರು ಚಿಕ್ಕವರಿದ್ದಾಗ ಚಳಿಜ್ವರ ಪ್ರತಿ ವರ್ಷ ಬರುತ್ತಿತ್ತಂತೆ. ಹೊಟ್ಟೆ ಉಬ್ಬಿದ ಮಕ್ಕಳು ಪ್ರತಿ ಮನೆಯಲ್ಲೂ. ಅವರ ಅಮ್ಮ ಹೆತ್ತ ಮಕ್ಕಳಲ್ಲಿ ಉಳಿದವರು ಕಡಿಮೆ, ಹೋದವರು ಜಾಸ್ತಿ. ಡಿಡಿಟಿ ಹೊಡೆಯಲು ಬಂದವರನ್ನೂ ಅವರು ನೆನೆದರು. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1953ರಲ್ಲಿ, ಹಾಗಾಗಿ ಅವರ ನೆನಪು ಕಾಲಕ್ಕೆ ಸರಿಯಾಗಿ ಹೊಂದುತ್ತದೆ.

ಆಗ ಹೇಳಿದೆ. ಒಂದು ಕೆಟ್ಟ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಎರಡೂ ಪ್ರತಿ ಕೆಟ್ಟಿದ್ದ ಮಕ್ಕಳು ಆಗ ಬದುಕುತ್ತಿರಲಿಲ್ಲ. ಎರಡೂ ಒಳ್ಳೆಯದಿದ್ದ ಮಕ್ಕಳಲ್ಲಿ ಎಷ್ಟೋ ಜನ ಚಳಿಜ್ವರಕ್ಕೆ ಹೋದರು. ಒಂದು ಕೆಟ್ಟದ್ದು, ಒಂದು ಒಳ್ಳೆಯದು ಇದ್ದವರು ತುಸು ಹೆಚ್ಚು ಉಳಿದರು. ಉಳಿದವರು ಮಕ್ಕಳನ್ನು ಹೆತ್ತರು. ಹೀಗೆ ಆ ಪ್ರತಿ ಸಾವಿರಾರು ವರ್ಷ ಅಳಿಯದೆ ಬಂತು. ಈ ಮಾತನ್ನು 1949ರಲ್ಲಿ ಮೊದಲು ಎತ್ತಿದವರಲ್ಲಿ ಮುಖ್ಯರು ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಅವರು ನೋಡಿದ್ದು ಮೆಡಿಟರೇನಿಯನ್ ತೀರದ ಥಲಸ್ಸೇಮಿಯಾವನ್ನು. 1957ರಲ್ಲಿ ಅವರು ಭಾರತಕ್ಕೇ ಬಂದು ನೆಲೆಸಿದರು. 1954ರಲ್ಲಿ ಆಂಟನಿ ಆಲಿಸನ್ ಅನ್ನುವ ವಿಜ್ಞಾನಿ ಆಫ್ರಿಕಾದಲ್ಲಿ ಸಿಕಲ್ ಸೆಲ್ ವಿಷಯದಲ್ಲಿ ಇದನ್ನೇ ತೋರಿಸಿದರು. ಸಾರ್ಡೀನಿಯಾ ದ್ವೀಪದಲ್ಲಿ ಮಲೇರಿಯಾ ಇದ್ದ ತಗ್ಗು ಊರುಗಳಲ್ಲಿ ಥಲಸ್ಸೇಮಿಯಾ ವಾಹಕರು ಹೆಚ್ಚು, ಬೆಟ್ಟದ ಊರುಗಳಲ್ಲಿ ಕಡಿಮೆ. ಇದೆಲ್ಲವನ್ನೂ ಅಜ್ಜಿಗೆ ಹೇಳಲಿಲ್ಲ ಬಿಡಿ. ನಿಮ್ಮ ಹಿರಿಯರು ಉಳಿದಿದ್ದಕ್ಕೆ ಇದೂ ಒಂದು ಕಾರಣ ಇದ್ದೀತು ಅಂದೆ.

"ಇದ್ದೀತು" ಅಂತಲೇ ಹೇಳಿದೆ. ಒಂದು ಮನೆತನದಲ್ಲಿ ಯಾರು ಯಾಕೆ ಉಳಿದರು ಅಂತ ನೂರು ವರ್ಷದ ನಂತರ ಯಾರೂ ಹೇಳಲಾಗದು. ವಿಕಾಸ ಕೆಲಸ ಮಾಡುವುದು ಜನಸಮೂಹದ ಮಟ್ಟದಲ್ಲಿ. ಆಯ್ಕೆಗೆ ಮುಂದಾಲೋಚನೆಯೂ ಇಲ್ಲ. ಮಲೇರಿಯಾ ಹಿಂದೆ ಸರಿದರೂ ಆ ಪ್ರತಿ ಕೂಡಲೇ ಹೋಗುವುದಿಲ್ಲ, ಯಾಕಂದ್ರೆ ಅದರ ಬಹುಪಾಲು ಇರುವುದು ಆರೋಗ್ಯವಾಗಿರುವ ವಾಹಕರಲ್ಲಿ.

ಅಜ್ಜಿ ಅಂದು ಏನೂ ಒಪ್ಪಲಿಲ್ಲ. ಆದರೆ ಮುಂದಿನ ಭೇಟಿಯಲ್ಲಿ ತಾವಾಗಿಯೇ ತೋಳು ಚಾಚಿ, ನಂದೂ ನೋಡ್ರಿ ಅಂದರು. ಅವರ ಎ2 ಶೇ. 5ರ ಮೇಲೆ. ಡಿಎನ್ಎ ಪರೀಕ್ಷೆಯಲ್ಲಿ ಅದೇ ಐವಿಎಸ್ 1-5. ಅವರ ಮಗಳಲ್ಲೂ, ಅಂದರೆ ಸೊಸೆಯ ತಾಯಿಯಲ್ಲೂ, ಅದೇ. ಫಲಿತಾಂಶವನ್ನು ಅಜ್ಜಿಗೆ ಒಬ್ಬರಿಗೇ ಹೇಳಿದೆವು. ಮನೆಯವರಿಗೆ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು ಅಂದೆವು. ಹೇಳಿದರಂತೆ. ಹೇಗೆ ಹೇಳಿದರೋ ಗೊತ್ತಿಲ್ಲ. ಅಪ್ಪನ ಕಡೆಯ ಮಾತು ಮಾತ್ರ ಆಮೇಲೆ ಬರಲಿಲ್ಲ ಅಂತ ಸೊಸೆ ಹೇಳಿದಳು.

ಫಲಿತಾಂಶ

ಹನ್ನೆರಡನೇ ವಾರದಲ್ಲಿ ಮಾಸುವಿನ ಚೂರು ತೆಗೆದರು. ಲ್ಯಾಬ್ ಮೊದಲು ನೋಡಿದ್ದು ಅದರಲ್ಲಿ ತಾಯಿಯ ಅಂಗಾಂಶ ಬೆರೆತಿಲ್ಲ ಅನ್ನುವುದನ್ನು. ಈ ಹೆಜ್ಜೆ ಬಿಟ್ಟರೆ ತಾಯಿಯ ಡಿಎನ್ಎಯನ್ನೇ ಮಗುವಿನದು ಅಂತ ಓದಿ ಬಿಡುವ ಅಪಾಯ ಇದೆ. ಇಲ್ಲಂತೂ ತಾಯಿ ವಾಹಕಳು. ಬೆರೆತಿದ್ದರೆ ಮಗು ವಾಹಕ ಅಂತಲೇ ಕಾಣುತ್ತಿತ್ತು, ಅದನ್ನು ನಂಬುವ ಹಾಗೇ ಇರುತ್ತಿರಲಿಲ್ಲ.

ಬೆರೆತಿರಲಿಲ್ಲ. ಮಗುವಿನಲ್ಲಿ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯದು. ವಾಹಕ. ತಿಂಗಳು ತುಂಬಿ ಹೆರಿಗೆಯಾಯಿತು, ಮಗು ಆರೋಗ್ಯವಾಗಿದೆ.

ಗಂಡನ ಮುಂದಿನ ಪ್ರಶ್ನೆ, ಈ ಮಗುವಿನ ಅಸ್ಥಿಮಜ್ಜೆ ಅಣ್ಣನಿಗೆ ಹಾಕಬಹುದಾ? ಒಳ್ಳೆಯ ಪ್ರಶ್ನೆ. ವಾಹಕರಾದ ಒಡಹುಟ್ಟಿದವರು ದಾನಿ ಆಗಬಹುದು. ಆದರೆ ಎಚ್‌ಎಲ್‌ಎ, ಅಂದರೆ ದೇಹ ತನ್ನದು ಯಾವುದು, ಹೊರಗಿನದು ಯಾವುದು ಅಂತ ತಿಳಿಯುವ ಗುರುತು, ಹೊಂದಬೇಕು. ಆ ಜೀನುಗಳಿರುವುದು 6ನೇ ಕ್ರೋಮೋಸೋಮಿನಲ್ಲಿ, ಬೀಟಾ ಗ್ಲೋಬಿನ್ 11ರಲ್ಲಿ. ಒಂದರ ಹಂಚಿಕೆಗೂ ಇನ್ನೊಂದರ ಹಂಚಿಕೆಗೂ ಸಂಬಂಧ ಇಲ್ಲ. ಮೆಂಡೆಲ್ ಬಟಾಣಿಯಲ್ಲಿ ಬಣ್ಣ ಬೇರೆ, ಆಕಾರ ಬೇರೆ ಅಂತ ಕಂಡುಕೊಂಡದ್ದು ಇದನ್ನೇ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ ಹೊಂದುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಇಲ್ಲಿ ಹೊಂದಲಿಲ್ಲ. ಜೀನ್ ತಿದ್ದುವ ಚಿಕಿತ್ಸೆಯ ಸುದ್ದಿಯನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. ಡಿಎನ್ಎ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ ಬಳಸುವ ಕ್ಯಾಸ್ಗೆವಿ ಅನ್ನುವ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಒಪ್ಪಿಗೆ ಹನ್ನೆರಡು ವರ್ಷ ಮೇಲ್ಪಟ್ಟವರಿಗೆ, ಬೆಲೆಯೋ ಕೇಳುವುದೇ ಬೇಡ.

ದೊಡ್ಡವನಿಗೆ ಈಗ ಒಂದೇ ಕಡೆ, ತಾರೀಕು ಹಿಡಿದು, ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ. ಹಿಮೋಗ್ಲೋಬಿನ್ 9ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳುತ್ತಾರೆ. ಪದೇ ಪದೇ ರಕ್ತ ಹಾಕಿದಾಗ ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ, ಅದಕ್ಕೇ ಎರಡು ವರ್ಷ ತುಂಬಿದ ಮೇಲೆ ಅದನ್ನು ಹೊರಹಾಕುವ ಡೆಫೆರಾಸಿರಾಕ್ಸ್ ಔಷಧಿ ಶುರುವಾಗಿದೆ. ಗುಲ್ಮ ಕುಗ್ಗಿದೆ. ಥಲಸ್ಸೇಮಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ ಅಂತ ಈ ಮನೆಗೆ ಯಾರೂ ಹೇಳಿರಲಿಲ್ಲ. ಅದರ ಅರ್ಜಿಯನ್ನೂ ಹಾಕಿಸಿದೆವು.

ಕೆಲಸದಲ್ಲಿ ಬದಲಾದದ್ದು

ಈ ಪ್ರಕರಣವನ್ನು ಈಗ ನಮ್ಮ ತರಬೇತಿಯಲ್ಲಿ ಬಳಸುತ್ತೇವೆ. ಮೂರು ಕಡೆ ನಿಲ್ಲಿಸಿ ಕೇಳುತ್ತೇವೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ. ರಕ್ತ ಹಾಕುವ ಮೊದಲ ರಾತ್ರಿ, 3.3 ಬಂದ ದಿನ, ಅಜ್ಜಿ ಬೇಡ ಅಂದ ಹೊತ್ತು. ಮೊದಲನೆಯದಕ್ಕೆ ಉತ್ತರ ಸುಲಭ: ಎರಡು ಎಂಎಲ್ ತೆಗೆದಿಡಿ. ಎರಡನೆಯದರಲ್ಲಿ ಹೆಚ್ಚಿನವರು ಇನ್ನೂ ಎಡವುತ್ತಾರೆ. ಎ2 3.2ರಿಂದ 3.5ರ ನಡುವೆ ಇದ್ದು ಕಣ ಚಿಕ್ಕದಿದ್ದರೆ ನಾರ್ಮಲ್ ಅನ್ನುವ ಪದವನ್ನೇ ಬಳಸಬೇಡಿ, ಫೆರಿಟಿನ್ ನೋಡಿ, ಗಂಡ ವಾಹಕನಾಗಿದ್ದರೆ ಡಿಎನ್ಎಗೆ ಕಳಿಸಿ ಅನ್ನುತ್ತೇವೆ. ಮೂರನೆಯದಕ್ಕೆ ಒಂದೇ ಉತ್ತರ ಅಂತಿಲ್ಲ. ಮಲೇರಿಯಾದ ಕಥೆ ಎಲ್ಲ ಮನೆಗೂ ಹೊಂದುವುದಿಲ್ಲ. ಒಬ್ಬರು ತರಬೇತಿಯಲ್ಲಿ ಕೇಳಿ ಹೋಗಿ, ಮಗುವನ್ನು ಕಳೆದುಕೊಂಡು ಇನ್ನೂ ವಾರವಾಗದ ತಾಯಿಗೆ ಇದನ್ನೇ ಹೇಳಿದರಂತೆ. ಅಲ್ಲಿ ಅದು ಬೇಡವಾಗಿತ್ತು.

ಉಳಿದದ್ದು ಒಂದು ಮದುವೆ. ಗಂಡನ ತಮ್ಮನಿಗೂ ಹೆಂಡತಿಯ ತಂಗಿಗೂ ಮಾತಾಗಿತ್ತು. ಮತ್ತದೇ ಮಾವ, ಅದೇ ಅಕ್ಕನ ಮಗಳು. ಇಬ್ಬರಿಗೂ ಎರಡರಲ್ಲಿ ಒಂದು ಸಾಧ್ಯತೆ. ಹುಡುಗ ಬಂದು ಪರೀಕ್ಷೆ ಮಾಡಿಸಿಕೊಂಡ. ವಾಹಕ. ಹುಡುಗಿಯನ್ನು ಕರೆತರಲು ಅವಳ ಅಪ್ಪ ಒಪ್ಪಲಿಲ್ಲ. ರಿಪೋರ್ಟ್ ಕೆಟ್ಟದು ಬಂದರೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ? ವಾಹಕ ಅಂದರೆ ರೋಗಿ ಅಲ್ಲ, ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳಿಗೆ ಮೇಜರ್ ಬರುವುದಿಲ್ಲ ಅಂತ ನಾವು ಹೇಳಿದ್ದು ನಿಜ. ಅವರ ಹೆದರಿಕೆಯೂ ನಿಜವೇ. ಹುಡುಗನಿಗೆ ಇಲ್ಲದ ಪ್ರಶ್ನೆ ಹುಡುಗಿಗೆ ಇದೆ.

ಕೆಲವು ತಿಂಗಳ ನಂತರ ಅವಳು ಅಕ್ಕನ ಜೊತೆ ಬಂದಳು. ಈ ಸಲ ಮೊದಲೇ ಫೆರಿಟಿನ್ ನೋಡಿದೆವು, ಸರಿ ಇತ್ತು. ಎ2 ಶೇ. 5.1. ಅವಳೂ ವಾಹಕ. ಆ ಸಂಬಂಧ ಮುಂದುವರಿಯಲಿಲ್ಲ. ಊರಿಗೆ ಹೇಳಿದ್ದು ಜಾತಕ ಕೂಡಿಬರಲಿಲ್ಲ ಅಂತ. ರಿಪೋರ್ಟಿನ ಒಂದು ಪ್ರತಿಯನ್ನು ಅವಳು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಮುಂದೆ ಬರುವ ಹುಡುಗ ಪರೀಕ್ಷೆ ಮಾಡಿಸಿಕೊಳ್ಳದೆ ಮಾತು ಮುಂದೆ ಹೋಗುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದಾಳಂತೆ.